ಅನ್ನದಲ್ಲಿ ನೆಟ್ಟ ಚಮಚ

ಸೊಲ್ಪೊ ಬಂದರಿನ ಹಳೆಯ ಉಪ್ಪಿನ ಗೋದಾಮಿನ ಹಿಂಗೋಡೆಗೆ ಈಗ ಒಂದು ಕಂಚಿನ ಫಲಕ ಬಡಿದಿದ್ದಾರೆ. ಯುದ್ಧದ ವರ್ಷ, ಎಂಟನೆಯ ತಿಂಗಳ ಹುಣ್ಣಿಮೆಯ ಹಿಂದಿನ ದಿನ, ಗು ಸೊಕ್ತೆ ಮೇಷ್ಟರು ಇಲ್ಲಿ ಉತ್ತರ ಕೊರಿಯಾದ ಸೈನಿಕರ ಗುಂಡಿಗೆ ಬಲಿಯಾದರು ಎಂದು ಅದರಲ್ಲಿ ಕೊರೆದಿದೆ. ಬಸ್ಸಿನಲ್ಲಿ ಬರುವ ಶಾಲೆಯ ಮಕ್ಕಳು ಅದರ ಮುಂದೆ ತಲೆ ಬಾಗಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ನನ್ನ ಅಂಗಡಿಗೆ ಬಂದು ಒಣಮೀನಿಗೆ ಚೌಕಾಸಿ ಮಾಡುತ್ತಾರೆ. ನನ್ನ ಪ್ರಾಯವೆಲ್ಲ ಆ ಗೋಡೆಯ ಬಿಸಿಲಿನಲ್ಲಿ ಮೀನು ಒಣಗಿಸುವುದರಲ್ಲೇ ಕಳೆದಿದೆ. ಅಲ್ಲಿ ಯಾರೂ ಸತ್ತಿಲ್ಲ.

ಫಲಕಕ್ಕೆ ಆಧಾರ ಒಂದು ಕಾದಂಬರಿ. ಬರೆದವನು ಸೊಕ್ತೆಯ ತಮ್ಮ ವೊನ್ತೆ, ನಮ್ಮೂರಿನಿಂದ ಹೋಗಿ ಸಿಯೋಲ್‌ನಲ್ಲಿ ದೊಡ್ಡ ಹೆಸರು ಮಾಡಿದವನು. ಹೋದ ವರ್ಷ ಅವನ ಸ್ಮರಣೆಯ ಸಭೆಗೆ ಬಂದ ಒಬ್ಬ ಪ್ರೊಫೆಸರು, ಲೇಖಕನ ಬದುಕೂ ಕಾಲವೂ ಸೇರಿ ಅವನ ಕಥೆಯನ್ನು ಹೇಗೆ ರೂಪಿಸಿದವು ಎಂದು ಮೈಕು ಹಿಡಿದು ಹೊತ್ತು ಮುಳುಗುವವರೆಗೂ ಕೊರೆದರು. ಅಷ್ಟು ಕೊರೆದರೂ ಒಕ್ಬುನ್ ಎಂಬ ಹೆಸರು ಅವರ ಬಾಯಿಂದ ಬರಲಿಲ್ಲ. ಬಾರದಿದ್ದರೆ ಬೇಡ. ಅವಳ ಪಕ್ಕದ ಅಂಗಡಿಯವಳು ನಾನು ಇನ್ನೂ ಬದುಕಿದ್ದೇನೆ, ನಾನು ಹೇಳುತ್ತೇನೆ.

ಒಕ್ಬುನ್ ಸೊಕ್ತೆಯ ಹೆಂಡತಿ. ಎದುರಿನ ದ್ವೀಪದಿಂದ ದೋಣಿಯಲ್ಲಿ ಮದುವಣಗಿತ್ತಿಯಾಗಿ ಬಂದವಳು. ಎತ್ತರದ ಆಳು, ಅಗಲವಾದ ಅಂಗೈ, ಮಾತಿನಲ್ಲಿ ಯಾರ ಮುಲಾಜೂ ಇಲ್ಲ. ಸೊಕ್ತೆ ಬಂದರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ. ಮೈದುನ ವೊನ್ತೆಗೆ ಆಗಿನ್ನೂ ಹನ್ನೊಂದು. ಮದುವೆಯಾದ ಮರುವರ್ಷವೇ ಯುದ್ಧ ಬಂತು. ಬೇಸಿಗೆಯಲ್ಲಿ ಊರು ಹಿಡಿದ ಉತ್ತರದ ಸೈನ್ಯ, ಓದುಬರಹ ಬಲ್ಲವನೆಂದು ಸೊಕ್ತೆಯನ್ನು ಕಚೇರಿಯಲ್ಲಿ ಕೂರಿಸಿ ಬರೆಯಲು ಹಚ್ಚಿತು. ಬೇಸಿಗೆ ಮುಗಿದು ಅದು ಕಾಲು ಕಿತ್ತಾಗ, ಇಲ್ಲಿ ಉಳಿದರೆ ನಮ್ಮವರೇ ತನ್ನನ್ನು ಮುಗಿಸುತ್ತಾರೆಂದು ಅವನೂ ಅವರ ಹಿಂದೆ ಹೊರಟ. ಹುಣ್ಣಿಮೆ ಹಬ್ಬದ ಕಡುಬು ತಿಂದ ಮರುದಿನ ಮುಂಜಾನೆ ಹೋದದ್ದು. ಒಕ್ಬುನ್ ಬಸುರಿ. ಬಾಗಿಲಲ್ಲಿ ನಿಂತು ಅವನು ಹೇಳಿದ್ದು ಇಷ್ಟೇ: "ನನ್ ಅನ್ನ ಎತ್ತಿಟ್ಟಿರು. ಬತ್ತೀನಿ."

ಮನೆಯವರು ಯಾರಾದರೂ ಊರಾಚೆ ಇದ್ದರೆ ನಮ್ಮಲ್ಲಿ ಅವರ ಪಾಲಿನ ಅನ್ನವನ್ನು ಹಿತ್ತಾಳೆ ಬಟ್ಟಲಿಗೆ ಹಾಕಿ, ಮುಚ್ಚಳ ಮುಚ್ಚಿ, ಒಲೆಯ ಕಾವು ಹರಿಯುವ ನೆಲದ ಮೂಲೆಯಲ್ಲಿ ಹೊದಿಕೆಯ ಕೆಳಗೆ ಹುದುಗಿಸಿ ಇಡುತ್ತೇವೆ. ಹಾಗೆ ಇಡುವಷ್ಟು ಕಾಲ ಹೋದವನು ಎಲ್ಲಿದ್ದರೂ ಹಸಿದು ಸಾಯುವುದಿಲ್ಲ. ಸತ್ತವರ ಅನ್ನ ಬೇರೆ. ಅದನ್ನು ತಿಥಿಯ ಮೇಜಿನ ಮೇಲೆ ಇಟ್ಟು, ಮುಚ್ಚಳ ತೆಗೆದು, ನಟ್ಟನಡುವೆ ಚಮಚ ನೇರಕ್ಕೆ ನೆಡುತ್ತೇವೆ. ಬದುಕಿದ್ದವರ ಅನ್ನದಲ್ಲಿ ಆಟಕ್ಕೆ ಚಮಚ ನೆಟ್ಟರೂ ಮಕ್ಕಳ ಕೈಗೆ ಏಟು ಬೀಳುತ್ತದೆ. ಒಬ್ಬನಿಗೆ ಎರಡೂ ಬಗೆಯ ಅನ್ನ ಇಡುವ ಪದ್ಧತಿ ನಮ್ಮಲ್ಲಿ ಇಲ್ಲ.

ಒಕ್ಬುನ್ ಆ ಸಂಜೆಯಿಂದಲೇ ಬಟ್ಟಲು ಇಡತೊಡಗಿದಳು. ತಮಗೇ ಗಂಜಿಗೆ ಗತಿಯಿಲ್ಲದ ಚಳಿಗಾಲದಲ್ಲೂ ಇಟ್ಟಳು. ಬೆಳಿಗ್ಗೆ ಆ ಅನ್ನವನ್ನು ಮನೆಯವರೇ ಹಂಚಿಕೊಂಡು ತಿನ್ನುತ್ತಿದ್ದರು, ಸಂಜೆ ಮತ್ತೆ ಹೊಸ ಅನ್ನ. ಅತ್ತೆ ಸಾಯುವಾಗ ಸೊಸೆಯ ಕೈ ಹಿಡಿದು ಹೇಳಿಹೋದದ್ದೂ ಆ ಬಟ್ಟಲಿನ ವಿಷಯವೇ.

ಪೊಲೀಸರು ಬರುವುದಕ್ಕೆ ತಡವಾಗಲಿಲ್ಲ. ಗಂಡ ಎಲ್ಲಿ ಎಂದು ಬಸುರಿಯನ್ನು ಠಾಣೆಯ ಅಂಗಳದಲ್ಲಿ ಮೊಣಕಾಲ ಮೇಲೆ ಕೂರಿಸಿದರು. ಅವಳು ಬಾಯಿ ಬಿಡಲಿಲ್ಲ. ಜೊತೆಗೆ ಎಳೆತಂದಿದ್ದ ವೊನ್ತೆಯ ಕೆನ್ನೆಗೆ ಬಾರಿಸಿದರು. ಎರಡನೆಯ ಏಟಿಗೆ ಅವನು ಚೀರಿಕೊಂಡು ಹೇಳಿದ: ಅಣ್ಣ ಸತ್ತ, ಅವರೇ ಹೋಗುವಾಗ ಉಪ್ಪಿನ ಗೋದಾಮಿನ ಹಿಂದೆ ನಿಲ್ಲಿಸಿ ಗುಂಡು ಹೊಡೆದರು. ಹೆಣ ಎಲ್ಲಿ ಎಂದರೆ ಸಮುದ್ರ ಎಂದ. ಪೊಲೀಸರು ನಂಬಲಿಲ್ಲ, ಆದರೆ ಅವತ್ತಿನ ಮಟ್ಟಿಗೆ ಇಬ್ಬರನ್ನೂ ಬಿಟ್ಟರು. ಅತ್ತಿಗೆಯನ್ನು ಉಳಿಸಲು ಒಂದು ಮಗು ಹೇಳಿದ ಸುಳ್ಳು ಅದು. ಅದಕ್ಕಾಗಿ ನಾನು ಅವನನ್ನು ಬೈಯುವುದಿಲ್ಲ. ಬೈಯಬೇಕಾದ್ದು ಬೇರೆ ಇದೆ.

ಮುಂದಿನ ವರ್ಷಗಳಲ್ಲಿ ಒಕ್ಬುನ್ ತೋಫು ಮಾಡಿ ಮಾರಿದಳು. ಬೆಳಕು ಹರಿಯುವ ಮೊದಲೇ ಸೋಯಾ ಕಾಳು ಅರೆದು, ಅದರ ಹಾಲು ಕಾಯಿಸಿ, ಕಲ್ಲು ಹೇರಿ ಹಿಂಡಿ, ತಲೆಯ ಮೇಲೆ ಹೊತ್ತು ಮಾರುಕಟ್ಟೆಗೆ ಬರುತ್ತಿದ್ದಳು. ಕಮ್ಯುನಿಸ್ಟರ ಜೊತೆ ಹೋದವನೆಂದು ಸೊಕ್ತೆಯನ್ನು ಕೆಂಪಿನವನು ಎನ್ನುತ್ತಿದ್ದರು. ಕೆಂಪಿನವನ ಹೆಂಡತಿಯ ಬಿಳಿ ತೋಫು ಎಂದು ಗಂಡಸರು ನಗುತ್ತಿದ್ದರು, ಕೊಳ್ಳುತ್ತಲೂ ಇದ್ದರು. ಒಮ್ಮೆ ಮೀನು ಹರಾಜಿನವನೊಬ್ಬ ಗಂಡನಿಂದ ಏನಾದರೂ ಸುದ್ದಿ ಬಂತಾ ಎಂದು ಕಣ್ಣು ಹೊಡೆದು ಕೇಳಿದ. "ಬಂತಲ್ಲ. ನಿನ್ ಹೆಂಡ್ತಿ ಹುಷಾರಾಗಿದಾಳಾ ಅಂತ ಕೇಳಿದಾರೆ" ಎಂದಳು. ಮಾರುಕಟ್ಟೆಯೇ ನಕ್ಕಿತು, ಅವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಆ ತೋಫುವಿನಲ್ಲೇ ಮಗಳು ಮ್ಯೊಂಗ್ಜಾ ಬೆಳೆದಳು, ವೊನ್ತೆ ಕಾಲೇಜು ಮುಗಿಸಿದ. ಮುಗಿಸಿ ಏನು ಬಂತು? ಸರ್ಕಾರಿ ಶಾಲೆಯ ಕೆಲಸದ ಪರೀಕ್ಷೆಯಲ್ಲಿ ಅವನು ಮೊದಲ ಸಾಲಿನಲ್ಲಿ ಪಾಸಾದ. ಹಿನ್ನೆಲೆ ವಿಚಾರಣೆಯಲ್ಲಿ ಅಣ್ಣನ ಹೆಸರು ಎದ್ದು ಬಂತು, ಬಾಗಿಲು ಮುಚ್ಚಿತು. ಉತ್ತರಕ್ಕೆ ಹೋದವನ ಮನೆಯವರು ಎಂದರೆ ಆ ಕಾಲದಲ್ಲಿ ಕುಷ್ಠರೋಗಿಗಳ ಹಾಗೆ, ದೂರದ ಸಂಬಂಧಿಕರ ಮಕ್ಕಳಿಗೂ ಕೆಲಸ ಸಿಗುತ್ತಿರಲಿಲ್ಲ. ವೊನ್ತೆ ಸಿಯೋಲ್‌ಗೆ ಹೋಗಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಬರೆಯತೊಡಗಿದ.

ಅವನ ಕಾದಂಬರಿ ಬಂದಾಗ ಮ್ಯೊಂಗ್ಜಾ ಶಿಕ್ಷಕಿಯ ತರಬೇತಿಯ ಕೊನೆಯ ವರ್ಷದಲ್ಲಿದ್ದಳು. ಪುಸ್ತಕ ನಮ್ಮೂರಿಗೂ ಬಂತು. ಒಕ್ಬುನ್‌ಗೆ ಓದಲು ಬರುತ್ತಿತ್ತು, ಆದರೆ ನಿಧಾನ. ಹಾಗಾಗಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವಳು ಕಾಳು ಆರಿಸುತ್ತ ಕೇಳುತ್ತಿದ್ದಳು. ಚೆನ್ನಾಗಿ ಬರೆದಿದ್ದ, ಅದನ್ನು ಒಪ್ಪಿಕೊಳ್ಳಬೇಕು. ಮೇಷ್ಟರನ್ನು ಗೋಡೆಗೆ ನಿಲ್ಲಿಸುವ ಪುಟವನ್ನು ನಾನು ಎರಡು ಸಲ ಓದಿದೆ. ಅದರ ಮುಂದಿನ ಅಧ್ಯಾಯದಲ್ಲಿ ಮೇಷ್ಟರ ಎಳೆಯ ಹೆಂಡತಿ ಗಂಡನ ಅನ್ನಕ್ಕೆ ಚಮಚ ನೆಟ್ಟು, ಬಿಳಿ ಬಟ್ಟೆಯುಟ್ಟು, ಬೆಳದಿಂಗಳಲ್ಲಿ ಸಮುದ್ರಕ್ಕೆ ನಡೆದು ಹೋಗುತ್ತಾಳೆ. ನಾನು ಕಣ್ಣೊರೆಸಿಕೊಂಡು ನೋಡಿದರೆ ಒಕ್ಬುನ್ ಹುಳ ಹಿಡಿದ ಕಾಳನ್ನು ಬೆರಳಿನಿಂದ ಸಿಡಿಸುತ್ತಿದ್ದಳು.

"ಯಾವತ್ತು ಹೊಡೆದ್ರಂತೆ?" ಎಂದಳು.

ಹುಣ್ಣಿಮೆಯ ಹಿಂದಿನ ದಿನ ಎಂದೆ.

"ಹುಣ್ಣಿಮೆ ದಿನ ನನ್ ಕೈಯಾರೆ ಮಾಡಿದ್ ಕಡುಬು ತಿಂದಿದಾನಲ್ಲೇ. ಹಿಂದಿನ ದಿನ ಸತ್ತೋನು ಹೆಂಗೆ ತಿಂದ?"

ಮುಂದಿನ ತಿಂಗಳು ವೊನ್ತೆ ಊರಿಗೆ ಬಂದ. ಒಳ್ಳೆಯ ಕೋಟು, ಕೈಯಲ್ಲಿ ಹಣ್ಣಿನ ಪೆಟ್ಟಿಗೆ. ನಾನು ಅಲ್ಲೇ ಇದ್ದೆ, ಎದ್ದು ಹೋಗಬೇಕೆನಿಸಿತು, ಆದರೆ ಹೋಗಲಿಲ್ಲ. ಒಕ್ಬುನ್ ಅವನಿಗೆ ಊಟ ಬಡಿಸಿ, ಅವನು ತಿಂದು ಮುಗಿಸಲು ಬಿಟ್ಟಳು. ಆಮೇಲೆ, ಅಣ್ಣನನ್ನು ಯಾಕೆ ಕೊಂದೆ ಎಂದು ಕೇಳಿದಳು.

"ಬೇರೆ ಹೆಂಗೆ ಬರೀಲಿ, ಅತ್ತಿಗೆ? ಉತ್ತರಕ್ಕೆ ಹೋದ ಅಂತ ಬರೆದ್ರೆ ಪುಸ್ತಕಾನೂ ಒಳಗೆ, ನಾನೂ ಒಳಗೆ."

"ಹಂಗಾದ್ರೆ ಬರೀಬೇಡ."

"ಬರೀದೆ ಇರಕ್ಕಾಗ್ಲಿಲ್ಲ. ಠಾಣೇಲಿ ಏಟು ತಿಂದ ದಿನದಿಂದ ಆ ಗೋಡೆನೇ ಕಣ್ ಮುಂದೆ ಇದೆ. ಎಷ್ಟು ಸಲ ಹೇಳಿದೀನಿ ಅಂದ್ರೆ, ಈಗ ಗುಂಡಿನ ಸದ್ದೂ ಕೇಳಿದ ಹಂಗೆ ಆಗುತ್ತೆ."

ಅವನು ಸುಳ್ಳು ಆಡುತ್ತಿರಲಿಲ್ಲ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಒಕ್ಬುನ್ ತಟ್ಟೆ ಎತ್ತುತ್ತ, "ನಿನ್ ಕಥೇಲಿ ನಾನು ಸಮುದ್ರಕ್ಕೆ ಹೋದೆ. ಸರಿ, ಹೋದೆ. ಅವತ್ತಿಂದ ನಿಂಗೆ ಅನ್ನ ಹಾಕಿದ್ದು ಯಾರಪ್ಪ?" ಎಂದಳು. ಅವನು ಹೋಗುವಾಗ ಹಣ್ಣಿನ ಪೆಟ್ಟಿಗೆಯನ್ನು ಜಗಲಿಯ ಮೇಲೆ ಬಿಟ್ಟು ಹೋದ.

ಅಷ್ಟಕ್ಕೇ ನಿಂತಿದ್ದರೆ ಮೈದುನನ ತಿಕ್ಕಲು ಎಂದು ಮರೆಯಬಹುದಿತ್ತು. ಆದರೆ ಪುಸ್ತಕಕ್ಕೆ ಬಹುಮಾನ ಬಂತು, ಶತ್ರುಗಳ ಕ್ರೌರ್ಯವನ್ನು ತೋರಿಸಿದ ಕೃತಿ ಎಂದು ಪತ್ರಿಕೆಗಳು ಹೊಗಳಿದವು. ಆಗ ಗು ಕುಲದ ಹಿರಿಯನ ಕಿವಿ ನೆಟ್ಟಗಾಯಿತು. ಅವನ ಇಬ್ಬರು ಮೊಮ್ಮಕ್ಕಳು ಸೊಕ್ತೆಯ ಹೆಸರಿನ ದೆಸೆಯಿಂದ ಕೆಲಸವಿಲ್ಲದೆ ಅಲೆಯುತ್ತಿದ್ದರು. ಕೊಂದವರು ಉತ್ತರದವರೇ ಆದರೆ ಸೊಕ್ತೆ ಕೆಂಪಿನವನಲ್ಲ, ಹುತಾತ್ಮ. ಮನೆತನವೇ ತೊಳೆದಿಟ್ಟ ಹಾಗೆ. ಹಿರಿಯ ಕುಲದವರನ್ನೆಲ್ಲ ಕೂಡಿಸಿ, ಸೊಕ್ತೆಯ ಸಾವನ್ನು ಸರ್ಕಾರದಲ್ಲಿ ದಾಖಲು ಮಾಡಿಸೋಣ, ಈ ವರ್ಷದಿಂದಲೇ ತಿಥಿ ಹಿಡಿಯೋಣ ಎಂದ. ಪುಸ್ತಕದಲ್ಲಿರುವ ದಿನವೇ ತಪ್ಪು ಎಂದಳು ಒಕ್ಬುನ್. ಹಿರಿಯ ಕೇಳಲಿಲ್ಲ: "ಒಡಹುಟ್ಟಿದ ತಮ್ಮ ಬರ್ದಿದಾನೆ, ಅಚ್ಚಾಗಿದೆ. ನಿನ್ ಮಗಳು ಮೇಷ್ಟ್ರಾಗಬೇಕೋ ಬೇಡ್ವೋ?"

ವೊನ್ತೆಗೆ ಆಗಿದ್ದು ಮ್ಯೊಂಗ್ಜಾಗೂ ಆಗುತ್ತದೆಂದು ಒಕ್ಬುನ್‌ಗೆ ಗೊತ್ತಿತ್ತು. ತಿಥಿಗೆ ಒಪ್ಪಿದಳು. ಒಳಗೊಳಗೆ ಅವಳ ಲೆಕ್ಕಾಚಾರ ಬೇರೆ ಇತ್ತು. ಮೇಜಿನ ಮೇಲಿನ ಅನ್ನ ಕಥೆಯಲ್ಲಿ ಸತ್ತವನಿಗೆ, ಹೊದಿಕೆಯ ಕೆಳಗಿನದು ತನ್ನ ಗಂಡನಿಗೆ. ಇಬ್ಬರೂ ಬೇರೆ ಬೇರೆ, ಪದ್ಧತಿ ಕೆಡುವುದಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡಳು.

ಮೊದಲ ತಿಥಿಯ ದಿನ ನಾನು ಅವಳಿಗೆ ಅಡುಗೆಗೆ ನೆರವಾಗಲು ಹೋಗಿದ್ದೆ. ತಿಥಿ ನಡುರಾತ್ರಿ ಇಡಬೇಕಾದ್ದು, ಆದರೆ ಅದು ರಾತ್ರಿ ಓಡಾಟಕ್ಕೆ ನಿಷೇಧವಿದ್ದ ಕಾಲ, ಹಾಗಾಗಿ ಎಲ್ಲವೂ ಸಂಜೆಯೇ ಮುಗಿಯಬೇಕಿತ್ತು. ವೊನ್ತೆ ಬಂದಿದ್ದ, ಕುಲದವರು ಬಂದಿದ್ದರು. ಕರೆಯದೆ ಬಂದವನು ಮಫ್ತಿಯಲ್ಲಿದ್ದ ಪೊಲೀಸಿನವನು. ವರ್ಷಗಳಿಂದ ಒಕ್ಬುನ್ ಮನೆ ಬಾಗಿಲು ಸವೆಸಿದವನೇ. ಸೊಕ್ತೆ ಸತ್ತದ್ದು ನಿಜವೇ, ಮನೆಯವರು ನಿಜವಾಗಿಯೂ ತಿಥಿ ಮಾಡುತ್ತಾರೆಯೇ ಎಂದು ನೋಡಿ ವರದಿ ಬರೆಯುವುದು ಅವನ ಕೆಲಸ. ಮ್ಯೊಂಗ್ಜಾಳ ಕೆಲಸ ಆ ವರದಿಯ ಮೇಲೆ ನಿಂತಿತ್ತು.

ಬಟ್ಟಲು ಅವತ್ತೂ ಮೂಲೆಯಲ್ಲಿತ್ತು. ಇವತ್ತೊಂದು ದಿನ ಬೇಡ ಎಂದು ನಾನು ಅಡುಗೆಮನೆಯಲ್ಲಿ ಗೋಗರೆದಿದ್ದೆ. ಇವತ್ತೇ ಬೇಕು ಎಂದಿದ್ದಳು. ಆ ಮೂಲೆಗೆ ಯಾರೂ ಹೋಗುವುದಿಲ್ಲ ಎಂದುಕೊಂಡಿದ್ದಳು, ಆದರೆ ಕುಲದ ಹಿರಿಯನ ಮರ್ಯಾದೆಯನ್ನು ಮರೆತಿದ್ದಳು. ಬಂದ ಅತಿಥಿ ಎಂಥವನೇ ಆಗಲಿ, ನಮ್ಮಲ್ಲಿ ಅವನಿಗೆ ಬೆಚ್ಚನೆಯ ಮೂಲೆಯನ್ನೇ ಬಿಟ್ಟುಕೊಡಬೇಕು. ಹಿರಿಯ ನಡು ಬಗ್ಗಿಸಿ, ಇಲ್ಲಿ ಬನ್ನಿ, ಇಲ್ಲಿ ಕಾವಿದೆ ಎಂದು ಅವನ ತೋಳು ಹಿಡಿದು ಕರೆದೊಯ್ದು ಅಲ್ಲೇ ಕೂರಿಸಿದ. ಅವನು ಕಾಲನ್ನು ಹೊದಿಕೆಯ ಒಳಗೆ ಚಾಚಿದ. ಹಿತ್ತಾಳೆ ಸದ್ದಾಯಿತು.

ಹೊದಿಕೆ ಸರಿಸಿ ಅವನು ಬಟ್ಟಲು ಎತ್ತಿದ. ಮುಚ್ಚಳ ಮುಟ್ಟಿದ. ಅದು ಬಿಸಿಯಿತ್ತು. ಅದೇನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅವನಿಗೂ ತಾಯಿಯಿದ್ದಳು. "ಇದು ಯಾರಿಗೆ?" ಎಂದ ಮೆಲ್ಲಗೆ.

ವೊನ್ತೆಯ ಮುಖ ಬಿಳಿಚಿತು. ಅಷ್ಟು ಚೆಂದ ಬರೆಯುವವನು ಮೇಜಿನ ಮೇಲಿನ ತಟ್ಟೆಗಳನ್ನು ಆಚೀಚೆ ಸರಿಸತೊಡಗಿದ. ತಿಥಿಗೆಂದು ಬೇರೆ ಮಾಡಿದ ಅನ್ನವನ್ನು ಕೈಯಲ್ಲಿ ಹಿಡಿದು ನಾನು ಬಾಗಿಲಿಗೆ ಬಂದಿದ್ದೆ, ಹಾಗೇ ಹಿಂದೆ ಸರಿದು ಲಂಗದ ಮರೆಯಲ್ಲಿ ಬಚ್ಚಿಟ್ಟೆ. ಒಕ್ಬುನ್ ಒಳಗೆ ಬಂದಳು. ಪೊಲೀಸಿನವನ ಕೈಯಿಂದ ಬಟ್ಟಲು ತೆಗೆದುಕೊಂಡಳು.

"ಮೇಜಿಗೆ ಇಡಬೇಕಾದ್ದು. ಆರಬಾರ್ದು ಅಂತ ಅಲ್ಲಿಟ್ಟು ಮರ್ತಿದ್ದೆ."

ಹೇಳಿ, ಅದನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದಳು. ಚಮಚ ನೆಡುವುದು ಗಂಡಸರ ಕೆಲಸ, ಆದರೆ ಯಾರ ಕೈಯೂ ಮುಂದೆ ಬರಲಿಲ್ಲ. ಅವಳೇ ಚಮಚ ತೆಗೆದುಕೊಂಡು, ತನ್ನ ಗಂಡನ ಅನ್ನದ ನಡುವೆ ಬುಡದವರೆಗೂ ಚುಚ್ಚಿ ನಿಲ್ಲಿಸಿದಳು. ಗಂಡಸರು ಅದಕ್ಕೆ ಎರಡು ಸಲ ಅಡ್ಡಬಿದ್ದರು. ಪೊಲೀಸಿನವನು ಪ್ರಸಾದದ ಮದ್ಯ ಕುಡಿದು ಹೋದ.

ವರದಿ ಒಳ್ಳೆಯದೇ ಹೋಯಿತು. ಮ್ಯೊಂಗ್ಜಾ ಶಿಕ್ಷಕಿಯಾದಳು, ಹಿರಿಯನ ಮೊಮ್ಮಕ್ಕಳು ನೌಕರಿ ಹಿಡಿದರು, ಮಫ್ತಿಯವನು ಬರುವುದನ್ನು ನಿಲ್ಲಿಸಿದ. ಒಕ್ಬುನ್ ಬಟ್ಟಲು ತೊಳೆದು, ಒರೆಸಿ, ಕಪಾಟಿನ ಮೇಲಿಟ್ಟಳು. ಮತ್ತೆ ಅದನ್ನು ಮೂಲೆಯಲ್ಲಿ ಇಡಲಿಲ್ಲ. ಈಗ ಯಾರು ನೋಡುತ್ತಾರೆ, ಇಡು ಎಂದು ನಾನು ಎಷ್ಟೋ ಸಲ ಹೇಳಿದೆ. ಒಮ್ಮೆ ಚಮಚ ನೆಟ್ಟ ಬಟ್ಟಲಲ್ಲಿ ಬದುಕಿದ್ದವನಿಗೆ ಹೇಗೆ ಬಡಿಸಲಿ ಎಂದಳು. ಅವಳು ಅತ್ತದ್ದನ್ನು ನಾನು ಕಂಡಿಲ್ಲ, ಆದರೆ ಅವತ್ತಿನಿಂದ ಮಾರುಕಟ್ಟೆಯಲ್ಲಿ ಅವಳು ಯಾರ ಕುಚೇಷ್ಟೆಗೂ ತಿರುಗಿ ಉತ್ತರ ಕೊಡಲಿಲ್ಲ. ವರ್ಷ ವರ್ಷ ತಿಥಿ ನಡೆಯಿತು. ತಾನು ಕಟ್ಟಿದ ತಾರೀಖಿಗೆ ವೊನ್ತೆ ವರ್ಷ ವರ್ಷ ಅಡ್ಡಬಿದ್ದ.

ಹೀಗೇ ಎಲ್ಲರೂ ಮುದುಕರಾದೆವು. ಆಮೇಲೊಂದು ವರ್ಷ ಎರಡೂ ಸರ್ಕಾರಗಳು ಮನಸ್ಸು ಮಾಡಿ, ಬೇರಾದ ಮನೆಯವರನ್ನು ಕೂಡಿಸುತ್ತೇವೆ ಎಂದವು. ಉತ್ತರದಿಂದ ಗು ಸೊಕ್ತೆ ಎಂಬ ಮುದುಕ ತನ್ನ ತಾಯಿ, ಹೆಂಡತಿ, ತಮ್ಮನನ್ನು ಹುಡುಕುತ್ತಿದ್ದಾನೆ ಎಂದು ಸುದ್ದಿ ಬಂತು. ಒಕ್ಬುನ್ ನನ್ನ ಅಂಗಡಿಗೆ ಬಂದು ಮೀನಿನ ಬುಟ್ಟಿಯ ಮೇಲೆಯೇ ಕುಳಿತುಬಿಟ್ಟಳು. ಎದ್ದಾಗ ಅವಳ ಬಟ್ಟೆಯೆಲ್ಲ ಹುರುಪೆ.

ಸಿಯೋಲ್‌ನ ದೊಡ್ಡ ಹಾಲಿನಲ್ಲಿ ಮೇಜು ಮೇಜಿಗೂ ಒಂದೊಂದು ಕುಟುಂಬ ಕೂತಿತ್ತಂತೆ, ಸುತ್ತ ಎರಡೂ ಕಡೆಯ ಕಾವಲಿನವರು ಓಡಾಡುತ್ತಿದ್ದರಂತೆ. ಸೊಕ್ತೆ ಬಡಕಲಾಗಿದ್ದ, ಹಲ್ಲುಗಳಿರಲಿಲ್ಲ. ಅಲ್ಲಿ ಅವನಿಗೆ ಮದುವೆಯಾಗಿತ್ತು, ಮಕ್ಕಳಿದ್ದರು. ಒಕ್ಬುನ್ ಅದನ್ನು ಮೊದಲೇ ಊಹಿಸಿದ್ದಳು. ಅವನು ಮೊದಲು ಕೇಳಿದ್ದು ತಾಯಿ ಸತ್ತ ದಿನ ಯಾವುದೆಂದು. ಅಲ್ಲೂ ತಿಥಿ ಇಡಬೇಕಲ್ಲ. ಒಕ್ಬುನ್ ಹೇಳಿದಳು, ಅವನು ಬಾಯಿಪಾಠ ಮಾಡಿಕೊಂಡ. ಆಮೇಲೆ ಕಾವಲಿನವನು ಅತ್ತ ತಿರುಗಿದಾಗ ಅವಳ ಕಡೆ ಬಾಗಿದ.

"ನನ್ ಅನ್ನ ಎತ್ತಿಡ್ತಿದ್ದೆ ಅಲ್ವಾ? ಮೊನ್ನೆ ಮೊನ್ನೆ ಕೆಟ್ಟ ವರ್ಷಗಳು ಬಂದ್ವು. ಕಿರೀ ಮಗಳು ಉಳೀಲಿಲ್ಲ. ನಂಗೆ ಮಾತ್ರ ಧೈರ್ಯ ಇತ್ತು. ಅಲ್ಲೊಂದು ಬಟ್ಟಲು ಮುಚ್ಚಿಟ್ಟಿದೆ, ನಾನು ಹಸಿದು ಸಾಯಲ್ಲ ಅಂತ."

ಒಕ್ಬುನ್ ಪಕ್ಕದಲ್ಲಿ ಕೂತಿದ್ದ ವೊನ್ತೆಯ ಮುಖ ನೋಡಿದಳು. ಕೊನೆಗೆ, "ನಿನ್ ತಮ್ಮನ್ನ ಕೇಳು. ಹೇಳೋದು ಅವನ ಕಸುಬು" ಎಂದಳಂತೆ.

"ಇಡ್ತಿದ್ರು ಅಣ್ಣ. ಒಂದಿನಾನೂ ತಪ್ಪಿಸ್ಲಿಲ್ಲ" ಎಂದ ವೊನ್ತೆ.

ಊರಿಗೆ ಬಂದು ನನಗೆ ಅದನ್ನು ಹೇಳಿ ಒಕ್ಬುನ್ ತುಟಿ ಕಚ್ಚಿಕೊಂಡಳು. ಮೈದುನ ಒಳ್ಳೆಯದಕ್ಕೇ ಹಾಗೆ ಹೇಳಿದ, ಮುದುಕ ಸಮಾಧಾನವಾಗಿ ಹೋದ ಎಂದು ನಾನು ಅಂದೆ. ಅವಳು ನನ್ನ ಮೇಲೆ ರೇಗಿದಳು: "ಗಂಡನಿಗೆ ನಿಜ ಹೇಳಕ್ಕೆ ಇದ್ದಿದ್ದು ಅದೊಂದು ಹೊತ್ತು. ಅದನ್ನೂ ಆ ಕಥೆ ಕಟ್ಟೋನ ಕೈಗೆ ಕೊಟ್ಟು ಬಂದೆ." ಮತ್ತೆ ಭೇಟಿಗೆ ಅವಕಾಶ ಸಿಗಲಿಲ್ಲ. ಕಾಗದವನ್ನೂ ಬಿಡಲಿಲ್ಲ.

ತಿಥಿ ನಿಂತಿತು. ಒಕ್ಬುನ್ ಹಳೆಯ ಬಟ್ಟಲನ್ನು ಉಪ್ಪುನೀರಿನಲ್ಲಿ ಕುದಿಸಿ, ಬೂದಿಯಲ್ಲಿ ತಿಕ್ಕಿ, ಮತ್ತೆ ಇಡಲು ಶುರು ಮಾಡಿದಳು. ಸಾಯುವ ತನಕ ಇಟ್ಟಳು. ಅವಳ ಶವದ ಮುಂದೆ ವೊನ್ತೆ ಕುಡಿದು ಕೂತಿದ್ದ. "ನನ್ ಎಲ್ಲಾ ಪುಸ್ತಕದಲ್ಲೂ ಅತ್ತಿಗೆ ಚೆಂದಾಗಿ ಸಾಯ್ತಾರೆ. ಬದುಕಿದ್ದನ್ನ ಬರೆಯಕ್ಕೆ ನಂಗೆ ಬರ್ಲೇ ಇಲ್ಲ" ಎಂದ. ಈಗಲಾದರೂ ಬರಿ ಎಂದೆ ನಾನು. ಬರೆಯಲಿಲ್ಲ. ಕೆಲವು ವರ್ಷಗಳಲ್ಲಿ ಅವನೂ ಹೋದ.

ಆಮೇಲೆ ಪುರಸಭೆ ಅವರ ಮನೆಯನ್ನು ಕೊಂಡು ಲೇಖಕರ ಸ್ಮಾರಕ ಮಾಡಿತು, ಗೋದಾಮಿನ ಗೋಡೆಗೆ ಫಲಕ ಬಡಿಯಿತು. ಸೊಕ್ತೆ ಬದುಕಿದ್ದದ್ದು ಊರಿಗೇ ಗೊತ್ತಿದೆಯಲ್ಲ ಎಂದು ನಾನು ಜಗಳಕ್ಕೆ ಹೋದೆ. ಜನ ಕಾದಂಬರಿ ನೋಡಲು ಬರುತ್ತಾರೆ ಅಜ್ಜಿ, ಬದುಕಿದ್ದವನನ್ನು ನೋಡಲು ಯಾರು ಬರುತ್ತಾರೆ ಎಂದು ಅಲ್ಲಿನ ಅಧಿಕಾರಿ ನಕ್ಕ. ನಿಮ್ಮ ಒಣಮೀನೂ ಹೋಗುತ್ತದಲ್ಲ ಎಂದು ಸೇರಿಸಿದ. ಹೋಗುತ್ತದೆ, ಸುಳ್ಳಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸುತ್ತದೆ.

ಮೊನ್ನೆ ಮೊದಲ ಸಲ ಆ ಸ್ಮಾರಕದ ಒಳಗೆ ಹೋದೆ. ಒಕ್ಬುನ್ ಕಾಳು ಅರೆಯುತ್ತಿದ್ದ ಜಾಗದಲ್ಲಿ ವೊನ್ತೆಯ ಕನ್ನಡಕ, ಪೆನ್ನು. ಬೆಚ್ಚನೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಅದೇ ಹಿತ್ತಾಳೆ ಬಟ್ಟಲು. ಮ್ಯೊಂಗ್ಜಾ ಕೊಟ್ಟಿದ್ದಳಂತೆ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದ್ದಾರೆ. ಮೇಣದಲ್ಲಿ ಮಾಡಿದ ಅನ್ನ ತುಂಬಿ, ನಡುವೆ ಚಮಚ ನೆಟ್ಟಿದ್ದಾರೆ. ಇದು ಬದುಕಿದ್ದವನ ಬಟ್ಟಲು, ಚಮಚ ತೆಗೆಯಿರಿ ಎಂದು ಅಲ್ಲಿದ್ದ ಹೆಣ್ಣುಮಗಳಿಗೆ ಹೇಳಿದೆ. ಅವಳು ಬಹಳ ವಿನಯದಿಂದ, ಕಾದಂಬರಿಯಲ್ಲಿ ಹೀಗೇ ಇದೆ ಅಜ್ಜಿ ಎಂದಳು.

ನಾನು ಮನೆಗೆ ಬಂದು ಅನ್ನಕ್ಕಿಟ್ಟೆ. ನನ್ನ ಹತ್ತಿರ ಹಿತ್ತಾಳೆ ಬಟ್ಟಲಿಲ್ಲ, ಸ್ಟೀಲಿನದ್ದು ಒಂದಿದೆ, ಮುಚ್ಚಳ ಸ್ವಲ್ಪ ಸೊಟ್ಟ. ಅದಕ್ಕೆ ಮೊದಲ ಅನ್ನ ಹಾಕಿ, ಮುಚ್ಚಿ, ಹೊದಿಕೆಯ ಕೆಳಗೆ ಇಟ್ಟೆ. ಸೊಕ್ತೆ ಇದ್ದರೆ ಅವನಿಗೀಗ ತೊಂಬತ್ತರ ಹತ್ತಿರ. ಸತ್ತನೆಂದು ನನಗೆ ಯಾರೂ ಹೇಳಿಲ್ಲ.